ಹನ್ನೊಂದು ಹೆಸರು ಆರಿಸುವ ಮೊದಲು

ತಮ್ಮಾ, ಐಪಿಎಲ್ ಶುರುವಾಯಿತೆಂದರೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ, ರಾಮದುರ್ಗದ ಚಹಾದಂಗಡಿ ಮುಂದೆ, ಸವದತ್ತಿ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ನಿನ್ನ ವಾರಿಗೆಯ ಹುಡುಗರು ಮೊಬೈಲ್ ಹಿಡಿದು ಫ್ಯಾಂಟಸಿ ತಂಡಕ್ಕೆ ಹನ್ನೊಂದು ಹೆಸರು ಆರಿಸುತ್ತ ಕೂತಿರುತ್ತಾರೆ. ಯಾರ ಸ್ಟ್ರೈಕ್ ರೇಟ್ ಎಷ್ಟು, ಕೊನೆಯ ನಾಲ್ಕು ಓವರಿನಲ್ಲಿ ಯಾರು ಎಷ್ಟು ರನ್ ಕೊಡುತ್ತಾರೆ ಎಂಬುದನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಗಣಿತ ತಲೆಗೆ ಹತ್ತುವುದಿಲ್ಲ ಅಂತ ಬೈಸಿಕೊಂಡ ಹುಡುಗ ಕೂಡ ಸರಾಸರಿಯನ್ನು ಎರಡು ದಶಮಾಂಶದವರೆಗೆ ಒಪ್ಪಿಸುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಅಂಕಿಗಳ ಮೇಲೆ ಇಷ್ಟು ಪ್ರೀತಿ ಇರುವವನು ಆ ಪ್ರೀತಿಯನ್ನು ಯಾರದೋ ಆ್ಯಪಿಗೆ ಒಪ್ಪಿಸಿ ಕೂರಬಾರದು ಎಂಬುದೇ ನಾನು ಹೇಳಬೇಕಾದ ಮಾತು. ಆ ಅಂಕಿಗಳನ್ನೇ ಹಿಡಿದು ಮ್ಯಾಚನ್ನು ನೀನೇ ಆಡಿಸು.

ಹಾಗೆ ಆಡಿಸುವುದು ನಿನಗೆ ಹೊಸದೂ ಅಲ್ಲ. ಪುಸ್ತಕದ ಕ್ರಿಕೆಟ್ ಆಡದೆ ನಮ್ಮ ಕಡೆ ಯಾರು ಶಾಲೆ ಮುಗಿಸಿದ್ದಾರೆ? ಪುಸ್ತಕ ತೆರೆ, ಎಡಪುಟದ ಕೊನೆಯ ಅಂಕಿ ನೋಡು. 2, 4, 6 ಬಂದರೆ ಅಷ್ಟು ರನ್, 8 ಬಂದರೆ ಒಂದು, 0 ಬಂದರೆ ಔಟ್. ಎಡಪುಟದಲ್ಲಿ ಯಾವಾಗಲೂ ಸಮಸಂಖ್ಯೆಯೇ ಇರುವುದರಿಂದ ಬರುವುದು ಈ ಐದೇ ಅಂಕಿ, ಅಂದರೆ ಐದರಲ್ಲಿ ಒಂದು ಸಲ ಔಟ್. ಈಗ ಲೆಕ್ಕ ಹಾಕು. ಔಟಾಗುವ ಮೊದಲು ಸರಾಸರಿ ನಾಲ್ಕು ಸಲ ಪುಟ ತೆರೆಯಲು ಸಿಗುತ್ತದೆ. ಆ ನಾಲ್ಕರಲ್ಲಿ ಎರಡು, ನಾಲ್ಕು, ಆರು, ಒಂದು, ಕೂಡಿಸಿದರೆ 13. ಬ್ಯಾಟ್ ಯಾರೇ ಹಿಡಿಯಲಿ, ಪುಸ್ತಕದಲ್ಲಿ ಸರಾಸರಿ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗುಂಡಪ್ಪ ವಿಶ್ವನಾಥ್ ಅಂತ ಹೆಸರು ಬರೆದುಕೊಂಡರೂ 13, ಚಂದ್ರಶೇಖರ್ ಅಂತ ಬರೆದುಕೊಂಡರೂ 13. ನಿಜದಲ್ಲಿ ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6080 ರನ್ ಹೊಡೆದವರು, ಸರಾಸರಿ 41.93. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತವರು, ಬ್ಯಾಟಿನಿಂದ ಬಂದದ್ದು 167 ರನ್, ಸರಾಸರಿ 4.07. ಇನ್ನು ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ ಎದುರಿಸಿದ್ದು 31,258 ಬಾಲ್, ಔಟಾದದ್ದು 254 ಸಲ. 123 ಬಾಲಿಗೊಮ್ಮೆ ಔಟಾಗುವ ಮನುಷ್ಯನನ್ನು ಪುಸ್ತಕ ಐದು ಬಾಲಿಗೊಮ್ಮೆ ಮನೆಗೆ ಕಳಿಸುತ್ತದೆ! ಆಟಗಾರನ ನಿಜವಾದ ಅಂಕಿಯನ್ನು ಆಟದೊಳಗೆ ತರಬೇಕು ಅನ್ನುವುದು ಇದಕ್ಕೇ.

ತರುವುದು ಹೇಗೆ ಅಂದರೆ, ಒಂದು ಡಬ್ಬಿ, ನೂರು ಚೀಟಿ ಸಾಕು. ಒಬ್ಬ ಬ್ಯಾಟರ್ ನೂರು ಬಾಲಿನಲ್ಲಿ 40 ಡಾಟ್ ಆಡುತ್ತಾನೆ, 36 ಸಿಂಗಲ್, 7 ಎರಡು, 10 ಬೌಂಡರಿ, 4 ಸಿಕ್ಸರ್, 3 ಸಲ ಔಟ್ ಅಂತ ಇಟ್ಟುಕೋ. ನೂರು ಬಾಲಿಗೆ 114 ರನ್, ಸರಾಸರಿ 38, ಒಳ್ಳೆಯ ಆಟಗಾರನೇ. ಅದೇ ಲೆಕ್ಕದಲ್ಲಿ ಚೀಟಿ ಬರೆದು ಡಬ್ಬಿಗೆ ಹಾಕು. ಒಂದು ಎತ್ತು, ಬರೆದುಕೋ, ತಿರುಗಿ ಡಬ್ಬಿಗೆ ಹಾಕಿ ಕುಲುಕು. ತೆಗೆದ ಚೀಟಿಯನ್ನು ವಾಪಸ್ ಹಾಕಲು ಮರೆತರೆ ಆಟ ಕೆಡುತ್ತದೆ, ಯಾಕೆಂದರೆ ಒಂದು ಸಿಕ್ಸರ್ ಹೊಡೆದ ಮಾತ್ರಕ್ಕೆ ಅವನ ಬಳಿ ಸಿಕ್ಸರ್ ಕಡಿಮೆಯಾಗುವುದಿಲ್ಲ. ಬೌಲರ್‌ನನ್ನೂ ಸೇರಿಸಬೇಕೇ? ಆ ಟೂರ್ನಿಯಲ್ಲಿ ಸಾಮಾನ್ಯವಾಗಿ ನೂರು ಬಾಲಿಗೆ 5 ವಿಕೆಟ್ ಬೀಳುತ್ತವೆ, ಈ ಬೌಲರ್ ಮಾತ್ರ 7 ಕೀಳುತ್ತಾನೆ ಅಂದುಕೋ. ನಮ್ಮ ಬ್ಯಾಟರಿನ 3ನ್ನು 7ರಿಂದ ಗುಣಿಸಿ 5ರಿಂದ ಭಾಗಿಸು, 4.2 ಬರುತ್ತದೆ. ಇವರಿಬ್ಬರೂ ಎದುರಾದಾಗ ಔಟ್ ಚೀಟಿ ನಾಲ್ಕಕ್ಕಿಂತ ತುಸು ಹೆಚ್ಚು. ಬೌಂಡರಿಗೂ ಇದೇ ಲೆಕ್ಕ. ಕೈ ಕುದುರಿದ ಮೇಲೆ ಡಬ್ಬಿ ಬದಿಗಿಟ್ಟು ಕಂಪ್ಯೂಟರಿಗೆ ಕಲಿಸು. ಕ್ರಿಕ್‌ಶೀಟ್ ಎಂಬ ವೆಬ್‌ಸೈಟಿನಲ್ಲಿ ಸಾವಿರಾರು ಪಂದ್ಯಗಳ ಬಾಲ್ ಬಾಲಿನ ದಾಖಲೆ ಬಿಟ್ಟಿ ಸಿಗುತ್ತದೆ. ಎಕ್ಸೆಲ್ ಬಲ್ಲವನಿಗೆ ಅಷ್ಟು ಸಾಕು, ಪೈಥಾನ್ ಕಲಿತವನಿಗೆ ಇನ್ನೂ ಸಲೀಸು. ಆದರೆ ಮೊದಲ ಹತ್ತಿಪ್ಪತ್ತು ಓವರ್ ಕೈಯಿಂದಲೇ ಎತ್ತು. ಅದೃಷ್ಟ ಅಂದರೇನು ಅನ್ನುವುದು ಬೆರಳಿಗೆ ಗೊತ್ತಾಗಬೇಕು.

ಸ್ಟಾನಿಸ್ಲಾವ್ ಉಲಾಮ್ ಅನ್ನುವ ಗಣಿತಜ್ಞ 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಕೂತು ಇಸ್ಪೀಟ್ ಆಡುತ್ತಿದ್ದ. ಹಾಕಿದ ಎಲೆಗಳಿಂದ ಆಟ ಗೆಲ್ಲುವ ಸಂಭವ ಎಷ್ಟು ಅಂತ ಸೂತ್ರದಿಂದ ಬಿಡಿಸಲು ಹೋದ, ಬಗೆಹರಿಯಲಿಲ್ಲ. ನೂರು ಸಲ ಆಡಿ ಎಷ್ಟು ಗೆದ್ದೆ ಅಂತ ಎಣಿಸಿದರೆ ಆಗದೇ ಅನ್ನಿಸಿತು. ಅಣುವಿಜ್ಞಾನದ ಬಿಡಿಸಲಾಗದ ಲೆಕ್ಕಗಳಿಗೆ ಅವನೂ ಅವನ ಸಂಗಡಿಗರೂ ಆ ದಾರಿಯನ್ನೇ ಹಿಡಿದರು. ಡಬ್ಬಿಯ ಮುಂದೆ ಕೂತ ನೀನು ಮಾಡುವುದೂ ಅದನ್ನೇ.

ಆ 38ರ ಸರಾಸರಿಯವನನ್ನು ಸಾವಿರ ಸಲ ಆಡಿಸಿ ನೋಡು. ಸುಮಾರು 260 ಸಲ ಹತ್ತು ಬಾಲ್ ತುಂಬುವುದರೊಳಗೆ ಔಟಾಗಿರುತ್ತಾನೆ. ಐವತ್ತು ಬಾಲ್ ದಾಟಿ ನಿಲ್ಲುವುದು 220 ಸಲದ ಹತ್ತಿರ. ಫಾರ್ಮ್ ಕೆಟ್ಟಿಲ್ಲ, ತಲೆ ತಿರುಗಿಲ್ಲ, ಯಾರ ಕಣ್ಣೂ ಬಿದ್ದಿಲ್ಲ, ಡಬ್ಬಿಯಲ್ಲಿರುವ ಚೀಟಿಯೂ ಬದಲಾಗಿಲ್ಲ. ಅವನ ಆಟವೇ ಅಷ್ಟು ಹರವಾಗಿದೆ. ಎರಡು ಮ್ಯಾಚಿನಲ್ಲಿ ಬೇಗ ಔಟಾದವನನ್ನು ಮುಗಿದುಹೋದ ಅಂತ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವುದು ಇದನ್ನು ಕಂಡ ಮೇಲೆ ತಾನಾಗಿ ನಿಲ್ಲುತ್ತದೆ.

ಇನ್ನೊಂದು ತುದಿಯನ್ನೂ ನೋಡಬೇಕು. ನಮ್ಮ ಪಕ್ಕದ ಗದಗಿನ ಸುನೀಲ್ ಜೋಶಿ 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್ ತೆಗೆದರು, ಪಂದ್ಯಕ್ಕೊಂದು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಅವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಪಂದ್ಯಕ್ಕೊಂದು ವಿಕೆಟ್ ಅನ್ನುವ ಲೆಕ್ಕದಲ್ಲೇ ಒಬ್ಬ ಬೌಲರ್‌ನನ್ನು ಆಡಿಸಿದರೆ ಐದು ವಿಕೆಟ್ ಬರುವುದು ಸಾವಿರ ಪಂದ್ಯಕ್ಕೆ ಮೂರೋ ನಾಲ್ಕೋ ಸಲ. ಜೋಶಿಯವರಿಗೆ 69ರಲ್ಲೇ ಒಮ್ಮೆ ಬಂತು. ಆ ದಿನದ ಪಿಚ್ಚು, ಚೆಂಡಿನ ತಿರುವು, ಅವರ ಕೈಯ ಹದ ಯಾವುದೂ ಸರಾಸರಿಯೊಳಗೆ ಕೂತಿರಲಿಲ್ಲ. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಅವರದೂ ಹಾಗೆಯೇ. 2017ರ ವಿಶ್ವಕಪ್ಪಿನಲ್ಲಿ ಆಗಿನವರೆಗೆ ಒಂದೂ ಪಂದ್ಯ ಆಡದೆ ಹೊರಗೆ ಕೂತಿದ್ದ ಹೆಣ್ಣುಮಗಳು, ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ ಕೊಟ್ಟು 5 ವಿಕೆಟ್ ಕಿತ್ತಳು. ಎದುರಾಳಿ 79ಕ್ಕೆ ಆಲೌಟ್. ಇದನ್ನು ನಿನ್ನ ತಂಗಿಗೂ ಹೇಳು, ಡಬ್ಬಿಯ ಮುಂದೆ ಅವಳನ್ನೂ ಕೂರಿಸಿಕೋ. ಲೆಕ್ಕ ಕಲಿತವರಿಗೆ ಇಂಥ ದಿನದ ಬೆಲೆ ಹೆಚ್ಚೇ ತಿಳಿಯುತ್ತದೆ.

ಈಗ ದುಡ್ಡಿನ ವಿಷಯ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ಈ ಹನ್ನೊಂದು ಹೆಸರು ಆರಿಸುವ ಆಟ ನಡೆಸುವ ಡ್ರೀಮ್ ಇಲೆವೆನ್‌ನಂಥವರು ಹಣದ ಸ್ಪರ್ಧೆ ನಿಲ್ಲಿಸಿದರು. ಕಾಯ್ದೆ ಬಂತು ಅಂತ ಆಸೆ ಹೋಗುವುದಿಲ್ಲ, ಕದ್ದು ಆಡಿಸುವವರೂ ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ಈ ಒಂದು ಲೆಕ್ಕ ತಲೆಯಲ್ಲಿರಲಿ. ಎರಡು ತಂಡದ 22 ಜನರಲ್ಲಿ 11 ಮಂದಿಯನ್ನು ಆರಿಸುವ ದಾರಿಗಳು 7,05,432. ಅವರಲ್ಲಿ ಕ್ಯಾಪ್ಟನ್, ವೈಸ್ ಕ್ಯಾಪ್ಟನ್ ಬೇರೆ ಹೆಸರಿಸಬೇಕು, ಆಗ 7,75,97,520. ಆಟದ ನಿಯಮಗಳು ಇದನ್ನು ಒಂದಿಷ್ಟು ಕಡಿಮೆ ಮಾಡುತ್ತವೆ, ಆದರೂ ಉಳಿಯುವುದು ಭಾರಿ ರಾಶಿಯೇ. ಕ್ಯಾಪ್ಟನ್ ಅಂತ ನೀನು ದುಪ್ಪಟ್ಟು ಅಂಕ ನಂಬಿಕೊಂಡವನು ನಾಲ್ಕರಲ್ಲಿ ಒಂದು ಸಲ ಹತ್ತು ಬಾಲಿನೊಳಗೆ ಔಟಾಗುವವನೇ ಅಂತ ಈಗಷ್ಟೇ ನೋಡಿದೆವು. ನಿನ್ನ ಜಾಣತನಕ್ಕೆ ಅಲ್ಲಿ ಕೆಲಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಜನ ಇಳಿಯುವ ಸ್ಪರ್ಧೆಯಲ್ಲಿ ಆ ಜಾಣತನಕ್ಕೆ ಫಲ ಸಿಗಬೇಕಾದರೆ ಎಷ್ಟು ಸಲ ಆಡಬೇಕು, ಅಷ್ಟರೊಳಗೆ ಎಷ್ಟು ಕಳೆದಿರುತ್ತೀ ಅನ್ನುವುದನ್ನು ಡಬ್ಬಿಯಲ್ಲೇ ಆಡಿಸಿ ನೋಡು. ಎಳ್ಳಷ್ಟೂ ಖರ್ಚಿಲ್ಲದೆ ಗೊತ್ತಾಗುತ್ತದೆ. ಅವ್ವ ಕೂಡಿಟ್ಟ ದುಡ್ಡು ಹೋದ ಮೇಲೆ ಗೊತ್ತಾಗುವುದು ಬೇಡ.

ಅಂಕಿಯನ್ನು ನಂಬುವುದಕ್ಕೂ ಒಂದು ಅಳತೆ ಇದೆ, ಇದನ್ನು ಗಟ್ಟಿ ಮಾಡಿಕೋ. ಬ್ಯಾಟರಿನ ಸರಾಸರಿಯನ್ನು ಅವನು ಔಟಾದ ಸಲಗಳ ವರ್ಗಮೂಲದಿಂದ ಭಾಗಿಸು. ಸುಮಾರು ಅಷ್ಟು ಆಚೀಚೆ ಆಗಬಹುದು. ದ್ರಾವಿಡ್ ಅವರ 52.31ಕ್ಕೆ ಮೂರು ಚಿಲ್ಲರೆ ರನ್ ಅಷ್ಟೇ. 16 ಸಲ ಔಟಾಗಿ 32ರ ಸರಾಸರಿ ಇರುವ ಹೊಸ ಹುಡುಗನಿಗೆ 8 ರನ್. ಅವನು 24ರವನೋ 40ರವನೋ ಈಗಲೇ ಹೇಳಲಾಗದು. ಹೊಸಬರ ಬಗ್ಗೆ ಟಿವಿಯಲ್ಲಿ ಅಬ್ಬರಿಸುವುದನ್ನು ಕೇಳುವಾಗ ನನಗೆ ಮೊದಲು ನೆನಪಾಗುವುದು ಇದೇ ಲೆಕ್ಕ.

ಇಷ್ಟೆಲ್ಲ ಹೇಳಿದ್ದು ದೊಡ್ಡವರ ಆಟಕ್ಕಾಯಿತು. ನಿಮ್ಮ ಆಟದ ಅಂಕಿ ಎಲ್ಲಿವೆ? ಬೆಳಗಾವಿಯ ರೋನಿತ್ ಮೋರೆ ರಣಜಿಯಲ್ಲಿ ಹಾಕಿದ ಓವರುಗಳ ದಾಖಲೆ ಜಗತ್ತಿನ ಯಾವ ಮೂಲೆಯಿಂದಲೂ ನೋಡಬಹುದು, ಯಾಕೆಂದರೆ ಬೌಂಡರಿ ಆಚೆ ಯಾರೋ ಕೂತು ಬಾಲ್ ಬಿಡದೆ ಬರೆದಿದ್ದಾರೆ. ಕಿತ್ತೂರಿನ ಟೆನ್ನಿಸ್ ಬಾಲ್ ಟೂರ್ನಮೆಂಟಿನಲ್ಲಿ ಯಾರ್ಕರ್ ಹಾಕಿ ಮ್ಯಾಚ್ ಗೆಲ್ಲಿಸಿದ ಹುಡುಗನದು ಮೂರು ದಿನ ಬಾಯಿಮಾತು, ಆಮೇಲೆ ಅದೂ ಇಲ್ಲ. ಸ್ಕೋರ್ ಬರೆದ ಹಾಳೆ ಮ್ಯಾಚ್ ಮುಗಿದ ಸಂಜೆಯೇ ಗಾಳಿಗೆ ಹೋಗುತ್ತದೆ. ನನಗೆ ಇದು ನಿಜವಾಗಿ ಸಂಕಟ ಕೊಡುವ ಸಂಗತಿ.

ಆದ್ದರಿಂದ ಒಂದು ವಹಿ ಮಾಡು. ಬಾಲ್ ಹಾಕಿದವರು, ಆಡಿದವರು, ಏನಾಯಿತು, ಈ ಮೂರು ಕಲಂ. ವೈಡು, ನೋಬಾಲು ಬೇರೆ ಗುರುತಿನಲ್ಲಿ ಬರೆ. ಮೈದಾನದ ಬಗ್ಗೆ ಮೇಲೊಂದು ಸಾಲು ಇರಲಿ: ಎರೆಮಣ್ಣೋ ಗಟ್ಟಿ ನೆಲವೋ, ಗೋಡೆ ಯಾವ ಕಡೆ, ಗೋಡೆಗೆ ಬಡಿದರೆ ಎಷ್ಟು ರನ್ ಅಂತ ಮಾತಾಗಿದೆ. ಎಂಟು ಓವರಿನ ಮ್ಯಾಚಿನಲ್ಲಿ ಎರಡೂ ಕಡೆ ಸೇರಿ 96 ಬಾಲ್, ಹತ್ತು ಮ್ಯಾಚ್ ಬರೆದರೆ ಸಾವಿರದ ಹತ್ತಿರ ಬರುತ್ತೀ. ಬೈಲಹೊಂಗಲದಲ್ಲಿ ನೀನು, ಸವದತ್ತಿ, ರಾಮದುರ್ಗ, ಕಿತ್ತೂರಿನಲ್ಲಿ ಒಬ್ಬೊಬ್ಬರು ಒಂದೇ ರೀತಿ ಬರೆದರೆ ಒಂದು ಸೀಸನ್ನಿನಲ್ಲಿ ನಾಲ್ಕು ಊರಿನ ಆಟಗಾರರಿಗೂ ಡಬ್ಬಿ ತಯಾರಾಗುತ್ತದೆ. ಚೀಟಿ ಕಡಿಮೆ ಇರುವವರ ಬಗ್ಗೆ ಆ ವರ್ಗಮೂಲದ ಮಾತು ನೆನಪಿರಲಿ.

ಭಾನುವಾರ ಸವದತ್ತಿಯವರ ಜೊತೆ ಮ್ಯಾಚ್ ಇದೆಯೆಂದರೆ ಶನಿವಾರ ರಾತ್ರಿಯೇ ಸಾವಿರ ಸಲ ಆಡಿಸು. ಅವರು 300 ಸಲ ಗೆದ್ದರೆ, ದಿನಾಂಕ ಹಾಕಿ ಹತ್ತರಲ್ಲಿ ಮೂರು ಅಂತ ವಹಿಯಲ್ಲಿ ಬರೆದಿಡು. ಮ್ಯಾಚ್ ಮುಗಿದ ಮೇಲೆ ತಿದ್ದಬೇಡ. ಭಾನುವಾರ ಅವರೇ ಗೆದ್ದರೆ ನಿನ್ನ ಲೆಕ್ಕ ತಪ್ಪಾಯಿತು ಅಂತ ಗೆಳೆಯರು ನಗಬಹುದು, ನಗಲಿ. ನೀನು ಹತ್ತರಲ್ಲಿ ಮೂರು ಅಂದ ಮ್ಯಾಚುಗಳನ್ನೆಲ್ಲ ವರ್ಷದ ಕೊನೆಗೆ ಒಟ್ಟು ಮಾಡಿದಾಗ ಅವುಗಳಲ್ಲಿ ಸುಮಾರು ಹತ್ತರಲ್ಲಿ ಮೂರು ಪಾಲು ಎದುರಾಳಿಗಳು ಗೆದ್ದಿರಬೇಕು. ಅರ್ಧಕ್ಕರ್ಧ ಗೆದ್ದಿದ್ದರೆ ಡಬ್ಬಿಯಲ್ಲಿ ಯಾವುದೋ ಚೀಟಿ ಸರಿಯಿಲ್ಲ. ಆಗ ವಹಿ ತಗೊಂಡು ಮನೆಗೆ ಬಾ, ಯಾವುದು ಅಂತ ಕೂಡಿ ಹುಡುಕೋಣ.