ರಾತ್ರಿಯ ರಸ್ತೆ, ವಾಹನದ ದೀಪ ಮತ್ತು ಕುಟುಂಬದ ಕ್ಷೇಮ



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಲಸಿಕೆ ಮತ್ತು ಮಕ್ಕಳ ನಡುವಿನ ಅಂತರ ಇಷ್ಟೇ ಎಂದು ಅನೇಕರು ಭಾವಿಸಿರುತ್ತಾರೆ. ಸಂತೆಗೆ ಹೋದ ಯಜಮಾನನು ಕತ್ತಲಾದ ಮೇಲೆ ಕ್ಷೇಮವಾಗಿ ಮನೆ ಸೇರುವುದೂ, ಬಸ್ಸಿಳಿದ ಮಗಳು ರಸ್ತೆಯ ಅಂಚಿನಲ್ಲಿ ನಡೆದು ಸುರಕ್ಷಿತವಾಗಿ ಬರುವುದೂ ಕುಟುಂಬ ಕಲ್ಯಾಣದ ವಿಷಯಗಳೇ ಆಗಿವೆ. ಇಂದು ಹಳ್ಳಿಗಳಲ್ಲಿಯೂ ಕಾರು, ಜೀಪು, ಸರಕು ಸಾಗಿಸುವ ಸಣ್ಣ ವಾಹನಗಳು ಹೆಚ್ಚಿವೆ. ಅದರೊಡನೆ, ಕಂಪನಿಯು ಕೊಟ್ಟ ಹೆಡ್‌ಲೈಟನ್ನು ತೆಗೆದು ಅಂಗಡಿಯಲ್ಲಿ ದೊರೆಯುವ ಹೆಚ್ಚು ಪ್ರಖರವಾದ ದೀಪವನ್ನು ಹಾಕಿಸುವ ರೂಢಿಯೂ ಬೆಳೆದಿದೆ. ಇದರಿಂದ ಕಣ್ಣಿಗೆ ಆಗುವುದೇನು, ಕಾನೂನು ಹೇಳುವುದೇನು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಣ್ಣು ಕೋರೈಸುವುದೆಂದರೇನು?

ನಮ್ಮ ಕಣ್ಣಿನ ಪಾಪೆಯು ಕತ್ತಲಿನಲ್ಲಿ ಹಿಗ್ಗಿ, ಬೆಳಕಿನಲ್ಲಿ ಕುಗ್ಗುತ್ತದೆ. ಕಣ್ಣಿನ ಒಳಪದರದಲ್ಲಿ ಮಂದ ಬೆಳಕನ್ನು ಗ್ರಹಿಸುವ ವಿಶೇಷ ಜೀವಕೋಶಗಳಿವೆ. ಇವು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಹಿಡಿಯುತ್ತದೆ. ಹೀಗೆ ಹೊಂದಿಕೊಂಡ ಕಣ್ಣಿನ ಮೇಲೆ ಪ್ರಖರವಾದ ಬೆಳಕು ಒಮ್ಮೆಲೇ ಬಿದ್ದರೆ ಕೆಲವು ಸೆಕೆಂಡುಗಳ ಕಾಲ ಏನೂ ಸ್ಪಷ್ಟವಾಗಿ ಕಾಣಿಸದು. ಇದನ್ನೇ ಕಣ್ಣು ಕೋರೈಸುವುದು ಎನ್ನುತ್ತೇವೆ.

ಕೆಲವು ಸೆಕೆಂಡು ತಾನೇ ಎಂದು ಅಲಕ್ಷಿಸಬಾರದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 50 ಮೀಟರ್ ದೂರವನ್ನು ಚಾಲಕನು ಕುರುಡನಂತೆ ಸಾಗಿದಂತಾಯಿತು. ಆ 50 ಮೀಟರಿನೊಳಗೆ ದೀಪವಿಲ್ಲದ ಎತ್ತಿನ ಗಾಡಿಯಿರಬಹುದು, ಸೈಕಲ್ ಸವಾರನಿರಬಹುದು, ಹೊಲದಿಂದ ಮರಳುವ ಹೆಣ್ಣುಮಕ್ಕಳ ಗುಂಪಿರಬಹುದು.

ವಯಸ್ಸಾದವರಿಗೆ, ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ಎ ಜೀವಸತ್ವದ ಕೊರತೆಯಿಂದ ಗರ್ಭಿಣಿಯರಲ್ಲಿಯೂ ಮಕ್ಕಳಲ್ಲಿಯೂ ಇರುಳುಗುರುಡು ಕಾಣಿಸಿಕೊಳ್ಳುವುದುಂಟು. ಇಂತಹವರು ರಸ್ತೆಯ ಅಂಚಿನಲ್ಲಿ ನಡೆಯುವಾಗ ಎದುರಿನ ಬೆಳಕಿಗೆ ದಿಕ್ಕು ತಪ್ಪುವ ಸಂಭವವಿದೆ.

ದೀಪವನ್ನು ಬದಲಿಸಿದಾಗ ಆಗುವುದೇನು?

ಹೆಡ್‌ಲೈಟಿನ ಒಳಗಿರುವ ಹೊಳೆಯುವ ಬಟ್ಟಲು ಒಂದು ಕನ್ನಡಿಯಂತೆ ಕೆಲಸ ಮಾಡುತ್ತದೆ. ಬಲ್ಬಿನ ತಂತಿಯು ಯಾವ ಸ್ಥಾನದಲ್ಲಿರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಆ ಬಟ್ಟಲನ್ನು ರೂಪಿಸಲಾಗಿರುತ್ತದೆ. ಹ್ಯಾಲೊಜೆನ್ ಬಲ್ಬಿಗಾಗಿ ಮಾಡಿದ ಬಟ್ಟಲಿನಲ್ಲಿ ಎಲ್‌ಇಡಿ ಬಲ್ಬನ್ನು ಕೂರಿಸಿದರೆ ಬೆಳಕು ಹೊಮ್ಮುವ ಸ್ಥಾನ ಮತ್ತು ಆಕಾರ ಬೇರೆಯಾಗುತ್ತದೆ. ಆಗ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ವಾಹನದ ಹತ್ತಿರದ ನೆಲ ಹೆಚ್ಚು ಬೆಳಗುವುದರಿಂದ ಮಾಲೀಕನಿಗೆ ದೀಪ ಚೆನ್ನಾಗಿದೆ ಎಂಬ ಭ್ರಮೆಯುಂಟಾಗುತ್ತದೆ. ವಾಸ್ತವವಾಗಿ ದೂರದ ರಸ್ತೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುವುದೆಂಬ ಭರವಸೆಯಿಲ್ಲ.

ಹೆಚ್ಚು ವ್ಯಾಟಿನ ಬಲ್ಬುಗಳ ವಿಷಯವೂ ಹೀಗೆಯೇ. ಅನೇಕ ಕಾರುಗಳಿಗೆ ನಿಗದಿಯಾಗಿರುವ ಎಚ್4 ಬಲ್ಬು 60/55 ವ್ಯಾಟಿನದು. ಅದರ ಸ್ಥಾನದಲ್ಲಿ 100/90 ವ್ಯಾಟಿನ ಬಲ್ಬು ಹಾಕಿದರೆ ತಂತಿ, ಹೋಲ್ಡರ್ ಮತ್ತು ಬಟ್ಟಲು ಅತಿಯಾಗಿ ಕಾಯುತ್ತವೆ. ಹೋಲ್ಡರ್ ಕರಗುವ, ತಂತಿ ಸುಡುವ ಅಪಾಯವಿದೆ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ಈ ವಿಷಯದಲ್ಲಿ ಮುಖ್ಯವಾದುದು. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು, ಇಲ್ಲವೇ ಚಾಲಕನು ಅದನ್ನು ಹಾಗೆ ಬಾಗಿಸಲು ಸಾಧ್ಯವಿರಬೇಕು. ಒಂದೂವರೆ ಮೀಟರ್ ಎಂದರೆ ನಿಂತಿರುವ ಮನುಷ್ಯನ ಕಣ್ಣಿನ ಎತ್ತರವೇ ಸರಿ.

111ನೆಯ ನಿಯಮದಂತೆ, ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಅಳವಡಿಸತಕ್ಕದ್ದಲ್ಲ. ಆ ಅನುಮತಿಯೂ ವಿಶೇಷ ಸಂದರ್ಭಗಳಿಗೆ ಮಾತ್ರ. 108ನೆಯ ನಿಯಮವು ಮುಂಭಾಗಕ್ಕೆ ಕೆಂಪು ಬೆಳಕು ತೋರಿಸುವುದನ್ನು ನಿಷೇಧಿಸುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಪ್ರಕರಣವನ್ನು ಎತ್ತಿಹಿಡಿದಿದೆ. "ಬಲ್ಬಿನ ವಿವರ ಆರ್.ಸಿ.ಯಲ್ಲಿ ಇಲ್ಲವಲ್ಲ, ಬದಲಿಸಿದರೆ ತಪ್ಪೇನು?" ಎಂದು ಕೆಲವರು ಕೇಳುವುದುಂಟು. ಈ ವಾದದಿಂದ ಪ್ರಯೋಜನವಿಲ್ಲ. 106ನೆಯ ನಿಯಮವು ದೀಪವನ್ನು ಯಾರು ಹಾಕಿದರು ಎಂದು ಕೇಳುವುದಿಲ್ಲ; ಅದು ಎದುರಿನವರ ಕಣ್ಣನ್ನು ಕೋರೈಸುತ್ತದೆಯೇ ಎಂದಷ್ಟೇ ಕೇಳುತ್ತದೆ.

2019ರ ತಿದ್ದುಪಡಿಯು ಕಾಯಿದೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿವರೆಗೆ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ಗೊತ್ತುಪಡಿಸಿತು. 2024ರ ಜುಲೈ ತಿಂಗಳಿನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೂ ಕೈಗೊಂಡರು.

ಹಾಗಾದರೆ ಯಾವುದು ಸರಿ?

ಎಲ್‌ಇಡಿ ದೀಪವೇ ನಿಷಿದ್ಧವೆಂದು ತಿಳಿಯಬಾರದು. ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟಿನೊಡನೆ ಬಂದ ವಾಹನಗಳು ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆದಿರುತ್ತವೆ. ಹಳೆಯ ಬಲ್ಬು ಸುಟ್ಟುಹೋದರೆ ಅದೇ ನಮೂನೆಯ, ಅದೇ ವ್ಯಾಟಿನ ಬಲ್ಬನ್ನು ಹಾಕಿಸುವುದರಲ್ಲಿಯೂ ತಪ್ಪಿಲ್ಲ. ಎಷ್ಟು ವ್ಯಾಟಿನದೆಂಬುದು ವಾಹನದ ಕೈಪಿಡಿಯಲ್ಲಿ ಬರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ವಾಹನ ಕೊಳ್ಳುವವರು ಹೆಡ್‌ಲೈಟನ್ನು ಬದಲಿಸಲಾಗಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕು. ಸಂಶಯವಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಉತ್ತಮ.

ದೀಪ ಮಂದವಾಗಿದೆ ಎನಿಸಿದಾಗ ಹೊಸ ಬಲ್ಬು ಕೊಳ್ಳುವ ಮೊದಲು ಹೀಗೆ ಮಾಡಿರಿ:

1. ಹೆಡ್‌ಲೈಟಿನ ಗಾಜನ್ನು ಒರೆಸಿ ಧೂಳು ತೆಗೆಯಿರಿ. ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿರಿ ಅಥವಾ ಬದಲಿಸಿರಿ.

2. ಬ್ಯಾಟರಿ ಮತ್ತು ತಂತಿಯ ಜೋಡಣೆಯನ್ನು ಮೆಕ್ಯಾನಿಕ್‌ಗೆ ತೋರಿಸಿರಿ.

3. ದೀಪದ ಕೋನವನ್ನು ಸರಿಪಡಿಸಿಕೊಳ್ಳಿರಿ. ಹಿಂಭಾಗದಲ್ಲಿ ಮೂಟೆಗಳನ್ನು ಹೇರಿದಾಗ ಮುಂಭಾಗ ಮೇಲೇರಿ ಬೆಳಕು ಎದುರಿನವರ ಮುಖಕ್ಕೆ ಬೀಳುತ್ತದೆ. ಅನೇಕ ಕಾರುಗಳಲ್ಲಿ ಇದಕ್ಕಾಗಿಯೇ 0, 1, 2, 3 ಎಂಬ ಅಂಕಿಗಳಿರುವ ಒಂದು ತಿರುಗುಣಿಯಿರುತ್ತದೆ. ಭಾರ ಹೆಚ್ಚಿದಂತೆ ಅದನ್ನು ಹೆಚ್ಚಿನ ಅಂಕಿಗೆ ತಿರುಗಿಸಬೇಕು.

ರಸ್ತೆಯಲ್ಲಿ ನಡೆದುಕೊಳ್ಳುವ ಬಗೆ

ಎದುರಿನಿಂದ ವಾಹನ ಬಂದಾಗ ದೀಪವನ್ನು ತಗ್ಗಿಸಬೇಕು; ರೂಢಿಯ ಮಾತಿನಲ್ಲಿ 'ಡಿಮ್' ಮಾಡಬೇಕು. ಚಾಲಕನ ಮುಂದಿನ ಫಲಕದಲ್ಲಿ ನೀಲಿ ಗುರುತು ಬೆಳಗುತ್ತಿದ್ದರೆ ಮೇಲು ದೀಪ ಹೊತ್ತಿದೆಯೆಂದು ಅರ್ಥ. ಪಕ್ಕದಲ್ಲಿ ಕುಳಿತ ಪತ್ನಿಯೂ ಇದನ್ನು ಗಮನಿಸಿ ಪತಿಗೆ ನೆನಪಿಸಬಹುದು. ಎದುರಿನವನು ದೀಪ ತಗ್ಗಿಸದಿದ್ದರೆ ಹಠದಿಂದ ನೀವೂ ಮೇಲು ದೀಪ ಹಾಕಬೇಡಿರಿ. ಇಬ್ಬರು ಕುರುಡರಾದರೆ ರಸ್ತೆ ಯಾರಿಗೂ ಕಾಣದು. ವೇಗ ತಗ್ಗಿಸಿ, ರಸ್ತೆಯ ಎಡ ಅಂಚಿನ ಕಡೆಗೆ ದೃಷ್ಟಿಯಿಡಿರಿ.

ರಾತ್ರಿ ನಡೆಯುವವರು ಬಿಳಿಯ ಇಲ್ಲವೇ ತಿಳಿ ಬಣ್ಣದ ಬಟ್ಟೆ ಧರಿಸಿ, ಕೈಯಲ್ಲಿ ಟಾರ್ಚ್ ಹಿಡಿಯುವುದು ಒಳ್ಳೆಯದು. ನುಗ್ಗೆ ಸೊಪ್ಪು, ಹರಿವೆ, ಪರಂಗಿ ಹಣ್ಣು ಮನೆಯ ಊಟದಲ್ಲಿರಲಿ. ಮಕ್ಕಳಿಗೆ ಎ ಜೀವಸತ್ವದ ದ್ರಾವಣವನ್ನು ತಪ್ಪದೆ ಹಾಕಿಸಿರಿ. ಸಂಜೆಯಾದೊಡನೆ ಕಣ್ಣು ಮಂಜಾಗುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅಪಘಾತವಾದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿರಿ.

ಪತಿಪತ್ನಿಯರು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವಾಹನದ ಹೆಡ್‌ಲೈಟ್ ಕಂಪನಿಯು ಕೊಟ್ಟದ್ದೇ, ಬದಲಿಸಿದ್ದೇ?

2. ಅದರ ಬಲ್ಬು ಎಷ್ಟು ವ್ಯಾಟಿನದು?

3. ಮನೆಯಲ್ಲಿ ಯಾರಿಗಾದರೂ ರಾತ್ರಿ ಕಣ್ಣು ಸರಿಯಾಗಿ ಕಾಣುವುದಿಲ್ಲವೇ?

ನಿಮ್ಮ ಎದುರಿನಿಂದ ಬರುವ ವಾಹನದಲ್ಲಿಯೂ ಒಂದು ಕುಟುಂಬವಿರುತ್ತದೆ. ಹೆರಿಗೆ ನೋವಿನಿಂದ ನರಳುವ ತಾಯಿಯೊಬ್ಬಳು ಆಸ್ಪತ್ರೆಗೆ ಹೋಗುತ್ತಿರಬಹುದು. ಅವರ ಚಾಲಕನ ಕಣ್ಣಿಗೆ ರಸ್ತೆ ಕಾಣುವಂತೆ ನಿಮ್ಮ ದೀಪವಿರಲಿ.