ದಾಸೋಹದಲ್ಲಿ ಹೊರೆಯೆಂಬುದುಂಟೆ?

ಬಹುಕಾಲದ ನೋವಿನಿಂದ ಬಳಲುವವರಿಗೆ ವೇದನೆಗಳು ಎರಡು. ಒಂದು ಕಾಯದ ವೇದನೆ. ಇನ್ನೊಂದು, ತಾನು ಮನೆಯವರಿಗೆ ಹೊರೆಯಾದೆನೆಂಬ ಮನದ ಕೊರಗು. ಮೊದಲನೆಯದನ್ನು ವೈದ್ಯರ ಮುಂದೆ ಹೇಳಿಕೊಳ್ಳುವರು. ಎರಡನೆಯದನ್ನು ಬಾಯಿಬಿಟ್ಟು ಹೇಳದೆ ಒಳಗೊಳಗೇ ಬೇಯುವರು. ಶರಣಧರ್ಮದ ಸಂಸ್ಕಾರವುಳ್ಳ ಮನೆಗಳಲ್ಲಿ ಈ ಕೊರಗಿಗೆ ಮತ್ತೊಂದು ಮೊನೆಯುಂಟು. ದುಡಿದು ಉಣ್ಣಬೇಕು, ಕೊಟ್ಟು ಬಾಳಬೇಕು ಎಂಬ ಪಾಠವನ್ನು ಎಳವೆಯಿಂದ ಕೇಳಿ ಬೆಳೆದವರು, ಕೈಕಾಲು ಸೋತಾಗ ಆ ಪಾಠವನ್ನೇ ತಮ್ಮ ಮೇಲಣ ತೀರ್ಪೆಂದು ಭಾವಿಸುವರು. ಕಾಯಕವಿಲ್ಲದ ಬಾಳು ವ್ಯರ್ಥವಲ್ಲವೆ, ದಾಸೋಹ ಮಾಡಲಾರದೆ ಪರರ ಸೇವೆಯನ್ನು ಪಡೆಯುವುದು ಋಣವಲ್ಲವೆ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವರು. ಶರಣರ ತತ್ತ್ವವು ನಿಜವಾಗಿ ಹೀಗೆ ಹೇಳುವುದೆ ಎಂಬುದನ್ನು ವಿಚಾರಿಸುವುದು ಅವಶ್ಯ.

ನೋವಿನ ಸ್ವರೂಪ

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಕರೆಯುತ್ತದೆ. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ಸಂಧಿವಾತದ ಒಂದು ಬಗೆಯನ್ನು ನೋಡಿರಿ. ಅದರಲ್ಲಿ ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆಗೂ ಮೀರಿ ಬಿಗಿದುಕೊಂಡಿರಬಹುದು. ಮುಂಜಾನೆ ಚೊಂಬನ್ನು ಎತ್ತಲಾರದ ತಾಯಿಯು ಮಧ್ಯಾಹ್ನ ಓಡಾಡುವುದನ್ನು ಕಂಡು, ಆಗ ಆಗದುದು ಈಗ ಹೇಗಾಯಿತೆಂದು ನೋಡಿದವರು ಸಂಶಯಪಡುವರು. ಆದರೆ ನೋವು ಕಣ್ಣಿಗೆ ಕಾಣುವ ವಸ್ತುವಲ್ಲ. ಹೊರಗೆ ಗಾಯವಿಲ್ಲದ ಮಾತ್ರಕ್ಕೆ ಒಳಗೆ ನೋವಿಲ್ಲವೆನ್ನಲಾಗದು. ಅದನ್ನು ಸೋಮಾರಿತನವೆನ್ನುವುದು ಅಜ್ಞಾನ. ಹಿಂದಿನ ಜನ್ಮದ ಪಾಪವೆನ್ನುವುದು ನಿಷ್ಕರುಣೆ. ದೀಕ್ಷೆ ಪಡೆದ ಭಕ್ತನ ಪೂರ್ವಾಶ್ರಯವನ್ನು ಕೆದಕಬಾರದೆನ್ನುವ ಧರ್ಮದಲ್ಲಿ, ಹಾಸಿಗೆ ಹಿಡಿದವನ ಪೂರ್ವಜನ್ಮವನ್ನು ಕೆದಕುವುದು ಯಾವ ನ್ಯಾಯ?

ಕಾಯಕದ ಅಳತೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪುಣ್ಯಸ್ತ್ರೀ ಲಕ್ಕಮ್ಮನವರು ಅದನ್ನೊಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರೆಂಬುದು ಪ್ರಸಿದ್ಧವಾದ ಕಥೆ. ಆಸೆಯನ್ನು ಬಿಡಬೇಕೆಂಬುದಕ್ಕೆ ಇದನ್ನು ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಇದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಕಾಯಕದ ಬೆಲೆಯು ಕೊಳಗದ ಅಳತೆಯಲ್ಲಿಲ್ಲ. ಹೆಚ್ಚು ತಂದುದರಿಂದ ಮಾರಯ್ಯನವರು ಹೆಚ್ಚಿನ ಶರಣರಾಗಲಿಲ್ಲ. ಅಂತೆಯೇ ಕಡಿಮೆ ತಂದವನು ಕಡಿಮೆಯ ಶರಣನಾಗಲಾರನು. ಆ ದಿನದ ಶಕ್ತಿಗೆ ತಕ್ಕುದನ್ನು ಶುದ್ಧ ಮನದಿಂದ ಮಾಡುವುದೇ ಕಾಯಕ. ಬೆರಳು ಆಡಿದ ದಿನ ಅವರೆಕಾಯಿ ಸುಲಿಯುವುದು, ಮೊಮ್ಮಗನಿಂದ ಪಾಠ ಒಪ್ಪಿಸಿಕೊಳ್ಳುವುದು, ಆಡದ ದಿನ ಔಷಧವನ್ನು ತಪ್ಪದೆ ಸೇವಿಸಿ ದೇಹಕ್ಕೆ ವಿಶ್ರಾಂತಿ ಕೊಡುವುದು, ಇವೂ ಕಾಯಕವೇ. ಶಕ್ತಿಯಿದ್ದೂ ದುಡಿಯದವನಿಗೆ ಹೇಳಿದ ಮಾತನ್ನು ಶಕ್ತಿಯುಡುಗಿದವನು ತನ್ನ ತಲೆಗೆ ಕಟ್ಟಿಕೊಳ್ಳಬಾರದು.

ದಾಸೋಹದ ಮರ್ಮ

ದಾಸೋಹವೆಂದರೆ "ನಾನು ದಾಸನು" ಎಂಬ ಭಾವ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ತಲೆಬಾಗುವನು. ಏಕೆಂದರೆ ಅವನು ತನ್ನದನ್ನು ಕೊಡುತ್ತಿಲ್ಲ, ಶಿವನದನ್ನು ಶಿವನಿಗೆ ಸಲ್ಲಿಸುತ್ತಿದ್ದಾನೆ. ಇಲ್ಲಿ ಸಾಲವೆಲ್ಲಿಯದು, ಸಾಲಗಾರನೆಲ್ಲಿಯವನು? ಪಡೆಯುವವರಿಲ್ಲದೆ ದಾಸೋಹವೇ ನಡೆಯದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ದಶಕಗಳ ಕಾಲ ನಡೆಸಿಕೊಂಡು ಬಂದ ದಾಸೋಹದಲ್ಲಿ ಸಾವಿರಾರು ಬಾಲಕರು ಅನ್ನ, ಆಶ್ರಯ, ವಿದ್ಯೆಗಳನ್ನು ಪಡೆದರು. ಆ ಮಕ್ಕಳು ಮಠಕ್ಕೆ ಹೊರೆಯೆಂದು ಯಾವ ಭಕ್ತನೂ ಹೇಳನು. ಅವರಿಂದಲೇ ಮಠಕ್ಕೆ ಕಳೆಯೆಂದು ಹೇಳುವನು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಬಾಲಕನು ನಾಳೆ ದುಡಿದು ಸಮಾಜಕ್ಕೆ ಹಿಂದಿರುಗಿಸುವನು. ವಾಸಿಯಾಗದ ರೋಗಿಯು ಏನನ್ನು ಹಿಂದಿರುಗಿಸಿಯಾನು? ಸಮಾಧಾನವಿಷ್ಟೆ: ಹಿಂದಿರುಗಿ ಬರಲೆಂದು ಕೊಡುವುದು ವ್ಯಾಪಾರ, ದಾಸೋಹವಲ್ಲ. ಫಲವನ್ನು ಎಣಿಸಿದ ಕೂಡಲೆ ದಾಸೋಹವು ದಾಸೋಹವಾಗಿ ಉಳಿಯದು.

ಪಡೆಯುವವನಿಗೂ ಒಂದು ಸಾಧನೆಯುಂಟು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಒದಗಿ ಬಂದುದನ್ನು ಪ್ರಸಾದವೆಂದು ಪ್ರಸನ್ನ ಮನದಿಂದ ಸ್ವೀಕರಿಸುವುದು ಆ ಸ್ಥಲದ ಲಕ್ಷಣ. ನೋವನ್ನೇ ಪ್ರಸಾದವೆಂದು ಬಗೆದು ಚಿಕಿತ್ಸೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಪ್ರಸಾದವಾಗುವುದು ನೋವಲ್ಲ, ನೋವಿನಲ್ಲಿ ಒದಗಿ ಬಂದ ಸೇವೆ. ಯಾರಿಗೂ ತೊಂದರೆ ಬೇಡವೆಂದು ನೋವನ್ನು ಮುಚ್ಚಿಟ್ಟು, ಒಬ್ಬರೇ ಎದ್ದು ನೀರಿಗೆ ಹೋಗಿ ಜಾರಿ ಬಿದ್ದರೆ ಮನೆಯವರ ಕೆಲಸ ಇಮ್ಮಡಿಯಾಗುವುದು. ಖರ್ಚನ್ನು ಉಳಿಸಲೆಂದು ಮಾತ್ರೆಯನ್ನು ಬಿಟ್ಟರೆ ರೋಗವು ಉಲ್ಬಣಿಸುವುದು. ಇಂದು ನೋವು ಎಷ್ಟಿದೆ, ಏನು ಬೇಕು, ಏನು ಬೇಡವೆಂಬುದನ್ನು ನೇರವಾಗಿ ಹೇಳುವುದರಿಂದ ಸೇವೆ ಮಾಡುವವರ ಕೆಲಸ ಹಗುರವಾಗುವುದು. ಅದೂ ಅವರಿಗೆ ಮಾಡುವ ಉಪಕಾರವೇ.

ಸೋತ ಕಾಯದಲ್ಲಿ ಲಿಂಗವು ಹೇಗೆ ನೆಲಸೀತೆಂದು ಕೆಲವರು ಅಂಜುವರು. ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡರು. ಕಂಬವು ಬಿರಿದುದರಿಂದ ದೇಗುಲವು ದೇಗುಲವಲ್ಲದೆ ಹೋಗುವುದಿಲ್ಲ. ಪಂಚಸೂತಕಗಳನ್ನು ನಿರಾಕರಿಸಿದ ಧರ್ಮವು ರೋಗಿಯ ಮೈಯನ್ನು ಮೈಲಿಗೆಯೆನ್ನುವುದಿಲ್ಲ. ನಡುಗುವ ಅಂಗೈಯಲ್ಲಿಯೂ ಇಷ್ಟಲಿಂಗವು ಇಷ್ಟಲಿಂಗವೇ. ಜಂಗಮವೆಂದರೆ ನಡೆಯುವ ಕಾಲಲ್ಲ, ಒಳಗೆ ಎಚ್ಚೆತ್ತ ಚೈತನ್ಯ. ಹಾಸಿಗೆ ಹಿಡಿದವರಲ್ಲಿ ಅದು ಕುಂದಬೇಕೆಂಬ ನಿಯಮವಿಲ್ಲ.

ಗೃಹಸ್ಥರ ಕರ್ತವ್ಯ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸತ್ಯವನ್ನು ಮರೆಮಾಡಬಾರದು. ಸೇವೆ ಮಾಡುವವರಿಗೆ ಆಯಾಸವುಂಟು, ನಿದ್ರೆಗೇಡುಂಟು, ಹಣದ ಚಿಂತೆಯುಂಟು. ಅದನ್ನು ಇಲ್ಲವೆಂದರೆ ರೋಗಿಯೂ ನಂಬನು. ಆದರೆ ಕೆಲಸವು ಭಾರವಾಗಬಹುದೇ ಹೊರತು ವ್ಯಕ್ತಿಯು ಭಾರವಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವುದೇ ವಿವೇಕ. ಭಾರವಾದ ಕೆಲಸಕ್ಕೆ ಪರಿಹಾರವು ಹೆಚ್ಚಿನ ಕೈಗಳು. ಮಠದ ದಾಸೋಹವನ್ನು ಒಬ್ಬರೇ ನಡೆಸುವುದಿಲ್ಲ. ಒಬ್ಬರು ಅಡುಗೆಗೆ, ಒಬ್ಬರು ನೀರಿಗೆ, ಒಬ್ಬರು ಬಡಿಸಲಿಕ್ಕೆ ನಿಲ್ಲುವರು. ಮನೆಯ ದಾಸೋಹವು ಮಾತ್ರ ಸೊಸೆಯೊಬ್ಬಳ ಪಾಲಾಗುವುದು ಯಾವ ಧರ್ಮ? ಮಗನು ಔಷಧದ ಹೊಣೆಯನ್ನು ಹೊರಲಿ, ಮೊಮ್ಮಕ್ಕಳು ಸಂಜೆಯ ಹೊತ್ತು ಬಳಿ ಕುಳಿತುಕೊಳ್ಳಲಿ, ನೆರೆಯ ಭಕ್ತರು ವಾರಕ್ಕೊಮ್ಮೆ ಬಂದು ಮನೆಯಾಕೆಗೆ ಬಿಡುವು ಕೊಡಲಿ. ರೋಗಿಯ ಮುಂದೆ ಖರ್ಚಿನ ಲೆಕ್ಕವನ್ನು ಆಡಬಾರದು. ಮನೆಯ ವಿಚಾರಗಳಲ್ಲಿ ಅವರ ಸಲಹೆಯನ್ನು ಕೇಳುವುದನ್ನು ಬಿಡಬಾರದು.

"ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬ ಮಾತು ರೋಗಿಯ ಬಾಯಿಂದ ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಹೊರೆಯಾದೆನೆಂಬ ಭಾವವು ಬಲಿತಾಗ ಮನಸ್ಸು ಪ್ರಾಣತ್ಯಾಗದ ಕಡೆಗೆ ತಿರುಗುವ ಅಪಾಯವುಂಟು. ಬಳಿ ಕುಳಿತು, ಅಂತಹ ಯೋಚನೆಯು ಬರುತ್ತಿರುವುದೆ ಎಂದು ಮೃದುವಾಗಿ, ನೇರವಾಗಿ ಕೇಳಬೇಕು. ಹೌದೆಂದರೆ ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ೧೪೪೧೬ ಸಂಖ್ಯೆಗೆ ರೋಗಿಯೂ ಮನೆಯವರೂ ಹಗಲಿರುಳೆನ್ನದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಇಂತಹ ನೆರವನ್ನು ಕೇಳುವುದು ಭಕ್ತಿಯ ಕೊರತೆಯಲ್ಲ.

ಹೊರೆಯೆಂಬ ಭಾವವು ನೀಗಬೇಕಾದರೆ ಇಬ್ಬರೂ ಒಂದೊಂದನ್ನು ಬಿಡಬೇಕು. ಸೇವೆ ಮಾಡುವವರು ತಾವು ಕೊಡುತ್ತಿರುವೆವೆಂಬ ಎಣಿಕೆಯನ್ನು ಬಿಡಲಿ. ಪಡೆಯುವವರು ತಾವು ಸಾಲಗಾರರೆಂಬ ಎಣಿಕೆಯನ್ನು ಬಿಡಲಿ. ಎಣಿಕೆಯಳಿದಲ್ಲಿ ದಾಸೋಹ ನಿಲ್ಲುವುದು. ದಾಸೋಹ ನಿಂದ ಮನೆಯೇ ಮಹಾಮನೆ.