ಪಿನ್ನು ಕೂತರೆ ಸಾಲದು, ಅಂಕಿಯೂ ಹೊಂದಬೇಕು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರ ಮಗಳು ಕಾಲೇಜು ಓದುತ್ತಾಳೆ. ಅವಳ ಲ್ಯಾಪ್‌ಟಾಪಿನ ಚಾರ್ಜರ್ ಕೆಟ್ಟಿತು. ಅಕ್ಕ ಕೂಲಿಯ ಹಣ ಕೂಡಿಸಿ ಪೇಟೆಯಿಂದ ಹೊಸದು ತಂದರು.

"ಪಿನ್ನು ಸರಿಯಾಗಿ ಕೂರುತ್ತೆ, ತಗೊಂಡು ಹೋಗಿ" ಎಂದಿದ್ದರು ಅಂಗಡಿಯವರು.

ಮನೆಯಲ್ಲಿ ಹಾಕಿದರೆ ಬ್ಯಾಟರಿ ತುಂಬಲೇ ಇಲ್ಲ. ಚಾರ್ಜರ್ ಮಾತ್ರ ತುಂಬಾ ಬಿಸಿಯಾಯಿತು. ಮಗಳ ಪರೀಕ್ಷೆ ಹತ್ತಿರ ಬಂದಿತ್ತು. ಅಕ್ಕನಿಗೆ ಚಿಂತೆ ಹತ್ತಿತು.

ಅವರು ಎರಡೂ ಚಾರ್ಜರ್ ಹಿಡಿದು ಸಂಜೆ ತರಗತಿಗೆ ಬಂದರು. ನಾವೆಲ್ಲ ಸೇರಿ ಅದರ ಮೇಲಿನ ಬರಹ ಓದಿದೆವು.

ಲ್ಯಾಪ್‌ಟಾಪಿನ ಜೊತೆ ಬಂದ ಹಳೆಯದು: 20 ವೋಲ್ಟ್, 3.25 ಆಂಪಿಯರ್, 65 ವಾಟ್.
ಪೇಟೆಯಿಂದ ತಂದ ಹೊಸದು: 20 ವೋಲ್ಟ್, 2.25 ಆಂಪಿಯರ್, 45 ವಾಟ್.

ತಪ್ಪು ಎಲ್ಲಿದೆ, ಕಂಡಿತಲ್ಲವೇ?

ನೀರಿನ ಟ್ಯಾಂಕ್ ನೆನೆಯಿರಿ. ಟ್ಯಾಂಕ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತೆ. ಹಾಗೆಯೇ ಕರೆಂಟಿನ ಒತ್ತಡವೇ ವೋಲ್ಟ್. ಎಷ್ಟು ಕರೆಂಟು ಹರಿಯುತ್ತದೆ ಎಂಬುದು ಆಂಪಿಯರ್. ಎರಡನ್ನೂ ಗುಣಿಸಿದರೆ ಸಿಗುವುದು ವಾಟ್.

20 × 3.25 = 65

ಚಾರ್ಜರ್ ಕೊಳ್ಳುವಾಗ ಇವನ್ನು ನೆನಪಿಡೋಣ:

1. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು. ಹೆಚ್ಚಾದರೆ ಲ್ಯಾಪ್‌ಟಾಪ್ ಕೆಡಬಹುದು.
2. ಆಂಪಿಯರ್ ಮತ್ತು ವಾಟ್ ಬೇಕಾದಷ್ಟು ಇರಬೇಕು. ಹೆಚ್ಚಿದ್ದರೂ ಭಯವಿಲ್ಲ. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಇರಬಾರದು.
3. ದುಂಡು ಪಿನ್ನಾದರೆ, ಕೂಡುವ ಮತ್ತು ಕಳೆಯುವ ಗುರುತಿನ ಚಿತ್ರವೂ ಒಂದೇ ಇರಬೇಕು.
4. ಟೈಪ್-ಸಿ ಪಿನ್ನಾದರೆ, ವೋಲ್ಟನ್ನು ಅವೇ ಹೊಂದಿಸಿಕೊಳ್ಳುತ್ತವೆ. ನಾವು ವಾಟ್ ನೋಡಬೇಕು.

ಚಾರ್ಜರ್ ಮೇಲೆ ಎರಡು ಸಾಲು ಇರುತ್ತವೆ. 'ಇನ್‌ಪುಟ್' ಸಾಲಿನಲ್ಲಿ 100-240 ಎಂದು ಇರುತ್ತದೆ. ಅದು ಗೋಡೆಯ ಕರೆಂಟಿನ ಲೆಕ್ಕ. ನಮ್ಮ ಮನೆಗೆ ಬರುವುದು 230 ವೋಲ್ಟ್. ನಾವು ನೋಡಬೇಕಾದದ್ದು 'ಔಟ್‌ಪುಟ್' ಸಾಲು. ಅಂಕಿಯ ಪಕ್ಕ ಇಂಗ್ಲಿಷಿನ 'ವಿ' ಇದ್ದರೆ ವೋಲ್ಟ್. 'ಎ' ಇದ್ದರೆ ಆಂಪಿಯರ್. 'ಡಬ್ಲ್ಯೂ' ಇದ್ದರೆ ವಾಟ್. ಅಕ್ಷರ ತಿಳಿಯದಿದ್ದರೆ ಮಕ್ಕಳನ್ನು ಕೇಳೋಣ. ಕೇಳಲು ನಾಚಿಕೆ ಏಕೆ? ಲ್ಯಾಪ್‌ಟಾಪಿಗೆ ಎಷ್ಟು ಬೇಕು ಎಂಬುದು ಸಾಮಾನ್ಯವಾಗಿ ಅದರ ತಳದಲ್ಲೇ ಬರೆದಿರುತ್ತದೆ.

ಮರುದಿನ ಅಕ್ಕ ತಾವೊಬ್ಬರೇ ಅಂಗಡಿಗೆ ಹೋದರು. ಅಂಕಿ ಬರೆದುಕೊಂಡ ಚೀಟಿ ಮುಂದಿಟ್ಟರು. "ನನಗೆ 65 ವಾಟಿನದು ಬೇಕು, ಇದು 45ರದು" ಎಂದರು. ಅಂಗಡಿಯವರು ಮರುಮಾತಾಡದೆ ಬದಲಿಸಿ ಕೊಟ್ಟರು. ಹೆಚ್ಚಿನ ಹಣವನ್ನು ಅಕ್ಕ ಎಣಿಸಿ ಕೊಟ್ಟರು. ರಸೀದಿಯನ್ನೂ ಓದಿ ನೋಡಿ ಪಡೆದರು.

ಓದಿ ಉತ್ತರಿಸಿರಿ

1. ಲ್ಯಾಪ್‌ಟಾಪಿಗೆ 20 ವೋಲ್ಟ್, 45 ವಾಟ್ ಬೇಕು. 20 ವೋಲ್ಟ್, 65 ವಾಟಿನ ಚಾರ್ಜರ್ ಹಾಕಬಹುದೇ? ಏಕೆ?
2. 20 × 2.25 = ಎಷ್ಟು?
3. ನಿಮ್ಮ ಮನೆಯ ಮೊಬೈಲ್ ಚಾರ್ಜರಿನ 'ಔಟ್‌ಪುಟ್' ಸಾಲನ್ನು ಬರೆದು ತನ್ನಿರಿ. ನಾಳೆ ಎಲ್ಲರೂ ಸೇರಿ ಓದೋಣ.